ಎಲ್ವಿಸ್ ಹಾಡಿದ ಕಂಟ್ರಿ, ಎಲ್ವಿಸ್ ಹಾಡಿದ ಆರ್ ಅಂಡ್ ಬಿ: ಯಾವುದು ಅಸಲಿ?

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು, ಗಿಟಾರ್ ಕಲಿಯುತ್ತಿದ್ದೇನೆ. ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿಯ ಎರಡು ಸಂಕಲನ ಸಿಡಿಗಳು ಸಿಕ್ಕಿವೆ. ಒಂದರ ಮೇಲೆ ‘ಕಂಟ್ರಿ’ ಅಂತ ಇದೆ, ಇನ್ನೊಂದರ ಮೇಲೆ ‘ರಿದಮ್ ಅಂಡ್ ಬ್ಲೂಸ್’, ಅಂದರೆ ಆರ್ ಅಂಡ್ ಬಿ ಅಂತ. ಒಂದಾದ ಮೇಲೊಂದು ಕೇಳಿದರೆ ಇಬ್ಬರು ಬೇರೆ ಗಾಯಕರು ಅನಿಸುತ್ತದೆ. ಆರ್ ಅಂಡ್ ಬಿ ಎಲ್ಲ ಕಪ್ಪು ಗಾಯಕರಿಂದ ಕದ್ದ ಮಾಲು, ಕಂಟ್ರಿಯೇ ಅವನ ಸ್ವಂತದ್ದು ಅನ್ನುವುದು ನಮ್ಮ ಭಾವನ ವಾದ. ನಮ್ಮ ಗಿಟಾರ್ ಮೇಷ್ಟ್ರದು ಉಲ್ಟಾ. ಕಂಟ್ರಿ ಅಂದರೆ ವಯಸ್ಸಾಗಿ ಸುಸ್ತಾದ ಎಲ್ವಿಸ್, ಅದನ್ನು ಬಿಟ್ಟುಬಿಡು ಅನ್ನುತ್ತಾರೆ. ಇನ್ನೊಂದು ಗೊಂದಲವೂ ಇದೆ. ‘ಗಿಟಾರ್ ಮ್ಯಾನ್’ ಹಾಡು ನನ್ನ ಸಿಡಿಯಲ್ಲಿ ಒಂದು ಥರ, ಆನ್‌ಲೈನ್‌ನಲ್ಲಿ ಇನ್ನೊಂದು ಥರ. ಧ್ವನಿ ಅದೇ, ವಾದ್ಯ ಬೇರೆ. ಈಗ ಎಲ್‌ಪಿ (ದೊಡ್ಡ ವಿನೈಲ್ ರೆಕಾರ್ಡ್) ಕೊಳ್ಳಬೇಕು ಅಂತಿದ್ದೇನೆ. ಯಾವುದನ್ನು ನಂಬಲಿ, ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಎರಡು ಸಿಡಿಗಳ ನಡುವೆ ವ್ಯತ್ಯಾಸ ಖಂಡಿತ ಇದೆ. ಆದರೆ ಅದರಲ್ಲಿ ಜಾಸ್ತಿ ಪಾಲು ಹಿಂದೆ ನುಡಿಸಿದವರದ್ದು, ಹಾಡುಗಳನ್ನು ಆರಿಸಿ ಜೋಡಿಸಿದವರದ್ದು. ಗಾಯಕನದ್ದು ಕಡಿಮೆ. ಹಳೆಯ ಟೇಪು, ರೆಕಾರ್ಡುಗಳನ್ನು ಡಿಜಿಟಲ್‌ಗೆ ಇಳಿಸುವುದು ನನ್ನ ಕೆಲಸ. ಎಲ್ವಿಸ್ ವಿಷಯಕ್ಕೆ ಬಂದರೆ ಜನ ಇಂಥದ್ದೇ ಜಗಳ ಹೊತ್ತುಕೊಂಡು ಬರುತ್ತಾರೆ. ನಿಮ್ಮ ಭಾವನೂ ಪೂರ್ತಿ ತಪ್ಪಲ್ಲ, ಮೇಷ್ಟ್ರೂ ಪೂರ್ತಿ ತಪ್ಪಲ್ಲ. ಇಬ್ಬರೂ ಅರ್ಧ ಕಥೆ ಹೇಳುತ್ತಿದ್ದಾರೆ ಅಷ್ಟೆ.

ಮೊದಲು ಈ ಹೆಸರುಗಳು ಎಲ್ಲಿಂದ ಬಂದವು ನೋಡೋಣ. ಕಪ್ಪು ಜನ ಹಾಡಿ ಕಪ್ಪು ಜನ ಕೊಳ್ಳುವ ರೆಕಾರ್ಡುಗಳನ್ನು ಅಮೆರಿಕದ ಸಂಗೀತ ವ್ಯಾಪಾರದಲ್ಲಿ ‘ರೇಸ್ ರೆಕಾರ್ಡ್ಸ್’ ಎಂದೇ ಕರೆಯುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅಂಥ ಜನಪ್ರಿಯ ಹಾಡುಗಳ ತನ್ನ ಪಟ್ಟಿಗೆ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೊಸ ಹೆಸರು ಇಟ್ಟಿತು. ದಕ್ಷಿಣದ ಬಿಳಿ ಹಳ್ಳಿಗರ ಹಾಡಿಗೆ ‘ಹಿಲ್‌ಬಿಲಿ’ ಎಂಬ ಹೆಸರಿತ್ತು, ಅದೂ ಹೋಗಿ ‘ಕಂಟ್ರಿ’ ಬಂತು. ಅಂದರೆ ಈ ವಿಂಗಡಣೆ ಶುರುವಾದದ್ದು ರಾಗ ತಾಳ ನೋಡಿ ಅಲ್ಲ, ಯಾರು ಕೊಳ್ಳುತ್ತಾರೆ ಅಂತ ನೋಡಿ. ಶಾಲೆ, ಬಸ್ಸು, ಹೋಟೆಲು ಎಲ್ಲವನ್ನೂ ಬಣ್ಣ ನೋಡಿ ಬೇರೆ ಮಾಡಿದ್ದ ಊರುಗಳಲ್ಲಿ ರೇಡಿಯೊ ಅಲೆಗೆ ಮಾತ್ರ ಗೋಡೆ ಕಟ್ಟಲು ಆಗಲಿಲ್ಲ. ಮೆಂಫಿಸ್‌ನ ಡಬ್ಲ್ಯುಡಿಐಎ ಕೇಂದ್ರ 1940ರ ದಶಕದ ಕೊನೆಯಲ್ಲಿ ಪೂರ್ತಿ ಕಪ್ಪು ಶ್ರೋತೃಗಳಿಗಾಗಿಯೇ ಕಾರ್ಯಕ್ರಮ ಕೊಡತೊಡಗಿತು. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಅಲ್ಲಿ ಕೆಲಸ ಮಾಡಿದವನು. ಮಿಸಿಸಿಪ್ಪಿಯ ಟುಪೆಲೊದಲ್ಲಿ 1935ರಲ್ಲಿ ಹುಟ್ಟಿ, 1948ರಲ್ಲಿ ಅಪ್ಪ ಅಮ್ಮನ ಜೊತೆ ಮೆಂಫಿಸ್‌ಗೆ ಬಂದ ಬಡ ಹುಡುಗ ಎಲ್ವಿಸ್ ಗುಂಡಿ ತಿರುಗಿಸಿದರೆ ಸಾಕು, ಈ ಕಡೆ ಕಪ್ಪು ಜನರ ನೋವಿನ ಹಾಡು ಬ್ಲೂಸ್, ಆ ಕಡೆ ಶನಿವಾರ ರಾತ್ರಿಯ ಕಂಟ್ರಿ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿ. ಭಾನುವಾರ ಚರ್ಚಿನ ಭಕ್ತಿಗೀತೆ, ಗಾಸ್ಪೆಲ್ ಬೇರೆ. ಎರಡೂ ಕಡೆಯ ಹಾಡುಗಾರಿಕೆಗೆ ಈ ಗಾಸ್ಪೆಲ್ಲೇ ಬುನಾದಿ. ಅದನ್ನು ಬಿಟ್ಟು ಬರೀ ಕಂಟ್ರಿ, ಆರ್ ಅಂಡ್ ಬಿ ಅಂತ ಕಿತ್ತಾಡಿದರೆ ಮಾತು ಮುಂದಕ್ಕೆ ಹೋಗುವುದೇ ಇಲ್ಲ.

ಈಗ 1954ಕ್ಕೆ ಬನ್ನಿ. ಮೆಂಫಿಸ್‌ನ 706, ಯೂನಿಯನ್ ಅವೆನ್ಯೂನಲ್ಲಿ ಸ್ಯಾಮ್ ಫಿಲಿಪ್ಸ್‌ನ ಸಣ್ಣ ಸ್ಟುಡಿಯೊ, ಸನ್ ರೆಕಾರ್ಡ್ಸ್. ಸನ್‌ಗಾಗಿ ಎಲ್ವಿಸ್ ಒಟ್ಟು ಐದು ಸಿಂಗಲ್ (ಬದಿಗೊಂದು ಹಾಡಿನ ಸಣ್ಣ ರೆಕಾರ್ಡ್) ಹಾಡಿದ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಬದಿಗೆ ಕಪ್ಪು ಗಾಯಕರ ಬ್ಲೂಸ್ ಹಾಡು, ಇನ್ನೊಂದು ಬದಿಗೆ ಕಂಟ್ರಿ ಕಡೆಗೆ ವಾಲುವ ಹಾಡು. ನಿಮ್ಮ ಎರಡು ಸಿಡಿಗಳಲ್ಲಿ ಬೇರೆ ಬೇರೆಯಾಗಿರುವುದು ಇಲ್ಲಿ ಒಂದೇ ತಟ್ಟೆಯ ಎರಡು ಮುಖ.

ಮೊದಲ ಸಿಂಗಲ್ ಅನ್ನೇ ತೆಗೆದುಕೊಳ್ಳಿ. ಒಂದು ಕಡೆ ‘ದಟ್ಸ್ ಆಲ್ ರೈಟ್’. ಇದು ಆರ್ಥರ್ ‘ಬಿಗ್ ಬಾಯ್’ ಕ್ರುಡಪ್ 1946ರಲ್ಲಿ ಹಾಡಿದ ಬ್ಲೂಸ್. ಕ್ರುಡಪ್‌ನ ಹಾಡಿನಲ್ಲಿ ಡ್ರಮ್ಸ್ ಇದೆ, ಧ್ವನಿ ಗಡುಸು. ಎಲ್ವಿಸ್‌ನದ್ದರಲ್ಲಿ ಡ್ರಮ್ಸೇ ಇಲ್ಲ. ಅವನ ಅಕೌಸ್ಟಿಕ್ ಗಿಟಾರ್, ಸ್ಕಾಟಿ ಮೂರ್‌ನ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್‌ನ ದೊಡ್ಡ ನಿಂತ ಬೇಸ್, ಅಷ್ಟೇ. ಬ್ಲ್ಯಾಕ್ ತಂತಿಯನ್ನು ಎಳೆದು ಬಿಟ್ಟು ಕಟ್ಟಿಗೆಗೆ ಬಡಿಯುತ್ತಾನೆ, ಆ ‘ಟಕ್ ಟಕ್’ ಸದ್ದೇ ಡ್ರಮ್ಸ್ ಕೆಲಸ ಮಾಡುತ್ತದೆ. ಇದು ಕಂಟ್ರಿ ಬ್ಯಾಂಡುಗಳ ಅಭ್ಯಾಸ. ಗಾಯನವೂ ಹಗುರ, ವೇಗ ಜಾಸ್ತಿ, ದನಿಯಲ್ಲಿ ಒಂದು ಖುಷಿ ಇದೆ. ಬ್ಲೂಸ್ ಹಾಡನ್ನು ಅವನು ಕಂಟ್ರಿ ಹುಡುಗನ ಹಾಗೆ ಹಾಡಿದ್ದಾನೆ.

ಈಗ ರೆಕಾರ್ಡ್ ಮಗುಚಿ ಹಾಕಿ. ‘ಬ್ಲೂ ಮೂನ್ ಆಫ್ ಕೆಂಟಕಿ’. ಕಂಟ್ರಿಯದೇ ಒಂದು ಕವಲಾದ ಬ್ಲೂಗ್ರಾಸ್‌ನ ದೊಡ್ಡ ತಲೆ ಬಿಲ್ ಮನ್ರೋ ಬರೆದು ಹಾಡಿದ್ದು, ಮೂರು ಎಣಿಕೆಯ ನಿಧಾನದ ವಾಲ್ಟ್ಜ್. ಎಲ್ವಿಸ್ ಅದನ್ನು ನಾಲ್ಕು ಎಣಿಕೆಗೆ ತಂದು, ಸಾಲುಗಳ ತುದಿಯಲ್ಲಿ ದನಿ ಜಾರಿಸಿ ಬ್ಲೂಸ್‌ನವರ ಹಾಗೆ ಹಾಡಿದ. ಸ್ಟುಡಿಯೊದಲ್ಲಿ ಮೊದಲು ನಿಧಾನವಾಗಿ ಪ್ರಯತ್ನಿಸಿದ ಒಂದು ತುಣುಕು ಇವತ್ತಿಗೂ ಉಳಿದಿದೆ. ಅದು ಮುಗಿದ ಕೂಡಲೇ ಸ್ಯಾಮ್ ಫಿಲಿಪ್ಸ್ ಖುಷಿಯಿಂದ, ಇದು ಬೇರೆಯೇ ಆಯಿತು, ಈಗ ಇದು ಹತ್ತಿರ ಹತ್ತಿರ ಪಾಪ್ ಹಾಡು ಅನ್ನುವುದು ಕೇಳಿಸುತ್ತದೆ. ಅವನು ಕಂಟ್ರಿ ಅನ್ನಲಿಲ್ಲ, ಆರ್ ಅಂಡ್ ಬಿ ಅಂತಲೂ ಅನ್ನಲಿಲ್ಲ. ಮನ್ರೋ ಆಮೇಲೆ ಮಾಡಿದ್ದು ಇನ್ನೂ ಮಜಾ. ಅದೇ ವರ್ಷ ತನ್ನ ಹಾಡನ್ನು ಮತ್ತೆ ರೆಕಾರ್ಡ್ ಮಾಡಿ, ವಾಲ್ಟ್ಜ್‌ನಲ್ಲಿ ಶುರುಮಾಡಿ, ನಡುವೆ ಎಲ್ವಿಸ್ ಹಾಗೆ ನಾಲ್ಕು ಎಣಿಕೆಗೆ ಹಾರಿದ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಬ್ಲೂಸ್ ಹಾಡುವಾಗ ಎಲ್ವಿಸ್ ಅದರೊಳಗೆ ಕಂಟ್ರಿ ತರುತ್ತಾನೆ, ಕಂಟ್ರಿ ಹಾಡುವಾಗ ಬ್ಲೂಸ್ ತರುತ್ತಾನೆ. ಇದು ಸರಿಯಾಗಿ ನಡೆದ ಕಡೆ ಅವನು ಅದ್ಭುತ. ನಡೆಯದ ಕಡೆ ಸಾಧಾರಣ. ಸಿಡಿ ಮೇಲಿನ ಹೆಸರು ಇದನ್ನು ಹೇಳುವುದಿಲ್ಲ.

ಹತ್ತಿರದಿಂದ ಕೇಳಲು ಇನ್ನೊಂದು ಹಾಡು, ‘ಮಿಸ್ಟರಿ ಟ್ರೇನ್’. ಕಪ್ಪು ಬ್ಲೂಸ್ ಗಾಯಕ ಜೂನಿಯರ್ ಪಾರ್ಕರ್ ಇದನ್ನು ಇದೇ ಸನ್ ಸ್ಟುಡಿಯೊದಲ್ಲಿ 1953ರಲ್ಲಿ ಹಾಡಿದ್ದ. ಅವನದ್ದು ಭಾರ ಹೊತ್ತ ರೈಲು. ಸ್ಯಾಕ್ಸೊಫೋನ್ ಇದೆ, ನಿಧಾನ ಇದೆ, ಪ್ರೇಯಸಿಯನ್ನು ಕರೆದೊಯ್ದ ರೈಲು ಮತ್ತೆ ಹಾಗೇ ಮಾಡುತ್ತದೆ ಅನ್ನುವ ಹತಾಶೆ ಇದೆ. ಎಲ್ವಿಸ್ 1955ರಲ್ಲಿ ಆ ಸಾಲನ್ನೇ ತಿರುಗಿಸಿ, ರೈಲು ಇನ್ನು ಮೇಲೆ ಹಾಗೆ ಮಾಡಲಾರದು ಅಂತ ಹಾಡಿದ. ಕೊನೆಗೆ ಹಾಡು ಕರಗುತ್ತಿರುವಾಗ ನಗುತ್ತಾನೆ. ಹೆಡ್‌ಫೋನ್ ಹಾಕಿಕೊಂಡರೆ ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಕಾಟಿ ಮೂರ್‌ನ ಆ ಪ್ರಸಿದ್ಧ ಗಿಟಾರ್ ಪಲುಕು ಕೂಡ ಪಾರ್ಕರ್‌ನ ರೆಕಾರ್ಡಿನ ಇನ್ನೊಂದು ಬದಿಯ ‘ಲವ್ ಮೈ ಬೇಬಿ’ಯಿಂದ ಬಂದದ್ದು. ಆದರೆ ಮೂರ್ ಅದನ್ನು ನುಡಿಸುವ ಕೈ ಕಂಟ್ರಿಯವರದ್ದು. ಹೆಬ್ಬೆರಳು ಕೆಳಗಿನ ಸ್ವರಗಳನ್ನು ಬಿಡದೆ ಮಿಡಿಯುತ್ತಿರುತ್ತದೆ, ಉಳಿದ ಬೆರಳು ಮೇಲಿನ ಧಾಟಿ ನೋಡಿಕೊಳ್ಳುತ್ತವೆ. ಮರ್ಲ್ ಟ್ರಾವಿಸ್, ಚೆಟ್ ಆಟ್ಕಿನ್ಸ್ ಬೆಳೆಸಿದ ಶೈಲಿ ಅದು. ನೀವು ಗಿಟಾರ್ ಕಲಿಯುವವರು, ಇದನ್ನು ನಿಧಾನ ಮಾಡಿ ಕೂತು ನುಡಿಸಿ ನೋಡಿ. ಯಾವ ಬೆರಳು ಕಂಟ್ರಿ, ಯಾವ ಸ್ವರ ಬ್ಲೂಸ್ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ.

ಅಂದ ಹಾಗೆ ಈ ‘ಮಿಸ್ಟರಿ ಟ್ರೇನ್’ನ ಇನ್ನೊಂದು ಬದಿ ‘ಐ ಫರ್ಗಾಟ್ ಟು ರಿಮೆಂಬರ್ ಟು ಫರ್ಗೆಟ್’ ಅಪ್ಪಟ ಕಂಟ್ರಿ. 1956ರ ಆರಂಭದಲ್ಲಿ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆಗ ಎಲ್ವಿಸ್‌ಗೆ 21 ವರ್ಷ. ವಯಸ್ಸಾದ ಮೇಲೆ ಕಂಟ್ರಿಗೆ ಬಂದ ಅನ್ನುವ ಮೇಷ್ಟ್ರ ಮಾತಿಗೆ ಇದೊಂದೇ ಸಾಕು.

ಈಗ ‘ಕದ್ದ’ ಅನ್ನುವ ಮಾತು. ಇದನ್ನು ಎರಡು ಭಾಗ ಮಾಡಿ ನೋಡಬೇಕು. ಹಾಡು ಎತ್ತಿಕೊಂಡು ಹಾಡುವುದು ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ, ಎರಡೂ ದಿಕ್ಕಿನಲ್ಲಿ. ಕಪ್ಪು ಗಾಯಕ ಚಕ್ ಬೆರಿಯ ‘ಮೇಬೆಲೀನ್’ ಹುಟ್ಟಿದ್ದೇ ‘ಐಡಾ ರೆಡ್’ ಎಂಬ ಹಳೆಯ ಕಂಟ್ರಿ ಧಾಟಿಯಿಂದ. ಇನ್ನೊಬ್ಬ ಕಪ್ಪು ಗಾಯಕ ರೇ ಚಾರ್ಲ್ಸ್ 1962ರಲ್ಲಿ ಕಂಟ್ರಿ ಹಾಡುಗಳದ್ದೇ ಒಂದು ಇಡೀ ಆಲ್ಬಂ ಮಾಡಿದ. ಎಲ್ವಿಸ್ ಯಾವತ್ತೂ ಈ ಸಂಗೀತ ನಾನೇ ಹುಟ್ಟಿಸಿದೆ ಅನ್ನಲಿಲ್ಲ. ಕಪ್ಪು ಜನ ನನಗಿಂತ ಎಷ್ಟೋ ಮೊದಲಿನಿಂದ ಹೀಗೆ ಹಾಡುತ್ತಿದ್ದಾರೆ ಅಂತ 1956ರಲ್ಲೇ ಹೇಳಿದ್ದ, ಕ್ರುಡಪ್‌ನ ಹೆಸರನ್ನೂ ಎತ್ತಿದ್ದ. ಅವನು ಕಪ್ಪು ಜನರ ಬಗ್ಗೆ ಕೀಳಾಗಿ ಮಾತಾಡಿದ ಅಂತ ಒಂದು ಗಾಳಿಸುದ್ದಿ 1957ರಲ್ಲಿ ಹಬ್ಬಿತ್ತು. ಕಪ್ಪು ಓದುಗರ ಪತ್ರಿಕೆ ‘ಜೆಟ್’ ವರದಿಗಾರನನ್ನು ಕಳಿಸಿ ವಿಚಾರಿಸಿತು. ಅವನು ಹಾಗಂದ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಆ ಸುದ್ದಿ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಬಿಡಿ.

ಇನ್ನೊಂದು ಭಾಗ ದುಡ್ಡು. ಇಲ್ಲಿ ನಿಮ್ಮ ಭಾವನ ಮಾತಿಗೆ ತೂಕ ಇದೆ. ಕ್ರುಡಪ್ ತನ್ನ ಹಾಡುಗಳ ರಾಯಧನಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ, ಸಿಗಬೇಕಾದ್ದು ಸಿಗದೆ 1974ರಲ್ಲಿ ತೀರಿಕೊಂಡ. ಅದರಲ್ಲಿ ಮುಖ್ಯ ತಪ್ಪು ಹಾಡಿನ ಹಕ್ಕು ಇಟ್ಟುಕೊಂಡಿದ್ದ ಪ್ರಕಾಶನದವರದ್ದು. ಗಾಯಕ ನೇರವಾಗಿ ರಚನೆಕಾರನಿಗೆ ಹಣ ಕೊಡುವ ಪದ್ಧತಿ ಇರಲಿಲ್ಲ. ಆದರೆ ಎಲ್ವಿಸ್ ಕಡೆಯವರೂ ಸಾಚಾ ಅಲ್ಲ. ‘ಡೋಂಟ್ ಬಿ ಕ್ರೂಯಲ್’ ಬರೆದದ್ದು ಓಟಿಸ್ ಬ್ಲ್ಯಾಕ್‌ವೆಲ್ ಒಬ್ಬನೇ. ರೆಕಾರ್ಡಿನ ಮೇಲೆ ಮಾತ್ರ ಪ್ರೆಸ್ಲಿ ಹೆಸರೂ ಇದೆ, ಅರ್ಧ ಪಾಲು ಬಿಟ್ಟುಕೊಟ್ಟರೆ ಮಾತ್ರ ಎಲ್ವಿಸ್ ಹಾಡುತ್ತಾನೆ ಅನ್ನುವುದು ಅವರ ಷರತ್ತು. ಅದೇ ಸಿಂಗಲ್‌ನ ಇನ್ನೊಂದು ಬದಿಯ ‘ಹೌಂಡ್ ಡಾಗ್’ ಮೊದಲು ಹಾಡಿದ್ದು ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್. ಎಲ್ವಿಸ್‌ನ ರೆಕಾರ್ಡ್ 1956ರಲ್ಲಿ ಪಾಪ್, ಕಂಟ್ರಿ, ಆರ್ ಅಂಡ್ ಬಿ ಮೂರೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಇಂಥ ಬಾಗಿಲು ಥಾರ್ನ್‌ಟನ್‌ಗೆ ಯಾರೂ ತೆರೆಯಲಿಲ್ಲ. ಅನ್ಯಾಯ ಆಗಿದೆ. ಆದರೆ ಆ ಅನ್ಯಾಯದಿಂದ ‘ಎಲ್ವಿಸ್‌ನ ಬ್ಲೂಸ್ ನಕಲಿ’ ಅನ್ನುವ ತೀರ್ಮಾನಕ್ಕೆ ಹಾರುವುದು ಬೇಡ. ನನಗೆ ‘ಹೌಂಡ್ ಡಾಗ್’ ವಿಷಯದಲ್ಲಿ ಥಾರ್ನ್‌ಟನ್ ಹಾಡಿದ್ದೇ ಮೇಲು. ‘ಮಿಸ್ಟರಿ ಟ್ರೇನ್’ನಲ್ಲಿ ಎಲ್ವಿಸ್ ಪಾರ್ಕರ್‌ಗಿಂತ ಒಂದು ಹೆಜ್ಜೆ ಮುಂದೆ. ಹಾಡು ಹಾಡಿಗೂ ಬೇರೆ ಬೇರೆ ತೀರ್ಪು ಕೊಡಬೇಕಾಗುತ್ತದೆ.

ಆರ್ ಅಂಡ್ ಬಿ ಸಿಡಿಯಲ್ಲಿ ‘ರೀಕನ್ಸಿಡರ್ ಬೇಬಿ’ ಇದೆಯಾ ನೋಡಿ. ಲೋವೆಲ್ ಫುಲ್ಸನ್‌ನ ಬ್ಲೂಸ್. ಸೈನ್ಯದಿಂದ ಬಿಡುಗಡೆಯಾಗಿ ಬಂದ ಎಲ್ವಿಸ್ 1960ರ ಏಪ್ರಿಲ್‌ನಲ್ಲಿ ಹಾಡಿದ್ದು. ಧಾವಂತ ಇಲ್ಲ, ದನಿ ದಪ್ಪವಾಗಿದೆ, ನಡುವೆ ಬೂಟ್ಸ್ ರ‍್ಯಾಂಡಾಲ್ಫ್‌ನ ಸ್ಯಾಕ್ಸೊಫೋನ್ ಮನಸೋ ಇಚ್ಛೆ ಹರಿಯುತ್ತದೆ. ಅವನು ಹಾಡಿದ ಬ್ಲೂಸ್‌ನಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಇದನ್ನು ರೆಕಾರ್ಡ್ ಮಾಡಿದ್ದು ಎಲ್ಲಿ ಗೊತ್ತಾ? ಕಂಟ್ರಿಯ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ. ನುಡಿಸಿದವರಲ್ಲಿ ಹೆಚ್ಚಿನವರು ದಿನವೂ ಕಂಟ್ರಿ ರೆಕಾರ್ಡುಗಳಿಗೆ ನುಡಿಸುತ್ತಿದ್ದ ಕಲಾವಿದರು.

ಇದಕ್ಕೆ ಉಲ್ಟಾ ಉದಾಹರಣೆ 1969ರದ್ದು. ಆ ವರ್ಷ ಜನವರಿ, ಫೆಬ್ರವರಿಯಲ್ಲಿ ಎಲ್ವಿಸ್ ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೊಗೆ ಹೋದ. ಅಲ್ಲಿ ಚಿಪ್ಸ್ ಮೋಮನ್‌ನ ತಂಡ, ಸೋಲ್ ಸಂಗೀತಕ್ಕೆ (ಗಾಸ್ಪೆಲ್, ಆರ್ ಅಂಡ್ ಬಿ ಬೆರೆತ ಕಪ್ಪು ಜನರ ಸಂಗೀತ) ಹೆಸರಾದವರು. ಹ್ಯಾಂಕ್ ಸ್ನೋನ ಹಳೆಯ ಕಂಟ್ರಿ ಹಾಡು ‘ಐಯಾಮ್ ಮೂವಿನ್ ಆನ್’ ಅಲ್ಲಿ ಕಂಟ್ರಿ ನಡೆಯಲ್ಲೇ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಬ್ರಾಸ್ ವಾದ್ಯಗಳು ನುಗ್ಗಿ ತಾಳವನ್ನೇ ಸೋಲ್ ಕಡೆಗೆ ಎಳೆದುಕೊಂಡು ಹೋಗುತ್ತವೆ. ಇನ್ನೊಂದು ‘ಐಲ್ ಹೋಲ್ಡ್ ಯು ಇನ್ ಮೈ ಹಾರ್ಟ್’. 1947ರಲ್ಲಿ ಎಡ್ಡಿ ಆರ್ನಾಲ್ಡ್ ಇದನ್ನು ಮೆದುವಾಗಿ, ನೀಟಾಗಿ ಹಾಡಿದ್ದ, 21 ವಾರ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ಎಲ್ವಿಸ್ ತಾನೇ ಪಿಯಾನೊ ಮುಂದೆ ಕೂತು ಅದನ್ನು ನಾಲ್ಕೂವರೆ ನಿಮಿಷ ಹಿಗ್ಗಿಸಿದ. ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿದು, ಪ್ರತಿ ಸಲ ಬೇರೆ ಕಡೆ ಒತ್ತು ಕೊಟ್ಟು, ಚರ್ಚಿನಲ್ಲಿ ಮೈಮರೆತವರ ಹಾಗೆ ಹಾಡುತ್ತಾನೆ. ಇದು ಕಂಟ್ರಿ ಸಿಡಿಗೂ ಸೇರುತ್ತದೆ, ಆರ್ ಅಂಡ್ ಬಿ ಸಿಡಿಗೂ ಸೇರುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಹೋಲಿಸಲು ಇದಕ್ಕಿಂತ ಒಳ್ಳೆಯ ಹಾಡು ಇಲ್ಲ.

‘ಎಲ್ವಿಸ್ ಕಂಟ್ರಿ’ ಅಂತಲೇ 1971ರಲ್ಲಿ ಒಂದು ಆಲ್ಬಂ ಬಂತು. ಅದರಲ್ಲಿ ‘ಹೋಲ್ ಲಾಟಾ ಶೇಕಿನ್’ ಇದೆ. ಬಿಳಿ ಗಾಯಕ ಜೆರಿ ಲೀ ಲೂಯಿಸ್‌ನಿಂದ ಪ್ರಸಿದ್ಧವಾದರೂ, ಅವನಿಗಿಂತ ಮೊದಲು 1955ರಲ್ಲಿ ಅದನ್ನು ಹಾಡಿದ್ದು ಬಿಗ್ ಮೇಬೆಲ್ ಎಂಬ ಕಪ್ಪು ಆರ್ ಅಂಡ್ ಬಿ ಗಾಯಕಿ! ಅದೇ ಆಲ್ಬಂನ ‘ಫನ್ನಿ ಹೌ ಟೈಮ್ ಸ್ಲಿಪ್ಸ್ ಅವೇ’ ವಿಲ್ಲಿ ನೆಲ್ಸನ್ ಬರೆದದ್ದು. ಎಲ್ವಿಸ್ ಅದನ್ನು ಪೂರ್ತಿ ಬ್ಲೂಸ್ ನಡೆಯಲ್ಲಿ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಹಾಡಿದ್ದಾನೆ. ಕಂಟ್ರಿ ಆಲ್ಬಂ ಅಂತ ಬೇಡ ಅಂದರೆ ನಷ್ಟ ನಿಮಗೇ.

ಹಾಗಂತ ಮೇಷ್ಟ್ರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 1976ರಲ್ಲಿ ಎಲ್ವಿಸ್ ತನ್ನ ಗ್ರೇಸ್‌ಲ್ಯಾಂಡ್ ಮನೆಯಲ್ಲೇ ಸಾಮಾನು ತರಿಸಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಕಂಟ್ರಿ ಶೋಕಗೀತೆಗಳು ಜಾಸ್ತಿ, ವೇಗ ಕಡಿಮೆ, ಉಸಿರು ಭಾರ. ನಿಮ್ಮ ಕಂಟ್ರಿ ಸಿಡಿಯಲ್ಲಿ ಆ ಕಾಲದ ಹಾಡು ಹೆಚ್ಚು, ಆರ್ ಅಂಡ್ ಬಿ ಸಿಡಿಯಲ್ಲಿ ಐವತ್ತರ ದಶಕದವು ಹೆಚ್ಚು ಇದ್ದರೆ ಇಬ್ಬರು ಗಾಯಕರು ಅನಿಸದೆ ಇನ್ನೇನಾಗುತ್ತದೆ? ನೀವು ಹೋಲಿಸುತ್ತಿರುವುದು ಇಪ್ಪತ್ತರ ಹುಡುಗನನ್ನು ನಲವತ್ತು ದಾಟಿದವನ ಜೊತೆ. ಎರಡೂ ಸಿಡಿಗಳ ಹಿಂಬದಿ ನೋಡಿ, ಪ್ರತಿ ಹಾಡಿನ ಎದುರು ಇಸವಿ ಬರೆದುಕೊಳ್ಳಿ. ಇಸವಿ ಪ್ರಕಾರ ಕೇಳಿದರೆ ಆ ‘ಇಬ್ಬರು’ ಮಾಯವಾಗುತ್ತಾರೆ.

‘ಗಿಟಾರ್ ಮ್ಯಾನ್’ ಗೊಂದಲ ಸುಲಭ. ಎಲ್ವಿಸ್ ಅದನ್ನು ಹಾಡಿದ್ದು 1967ರಲ್ಲಿ. ಅವನು 1977ರಲ್ಲಿ ತೀರಿಕೊಂಡ ಮೇಲೆ, ಅವನ ನಿರ್ಮಾಪಕ ಫೆಲ್ಟನ್ ಜಾರ್ವಿಸ್ ಹಳೆಯ ಹಾಡುಗಳಿಂದ ಧ್ವನಿಯನ್ನಷ್ಟೇ ಉಳಿಸಿಕೊಂಡು, ಹಿಂದಿನ ವಾದ್ಯಗಳನ್ನು ತೆಗೆದು, ಹೊಸ ಕಂಟ್ರಿ ವಾದ್ಯವೃಂದ ಸೇರಿಸಿದ. 1981ರಲ್ಲಿ ಬಂದ ಆ ಹೊಸ ರೂಪ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಸತ್ತ ಮೇಲೆ ಗಾಯಕನನ್ನು ಕಂಟ್ರಿ ಮಾಡಿದರು ಅನ್ನಬಹುದು. ಕೇಳಲು ಚೆನ್ನಾಗಿಯೇ ಇದೆ, ಆದರೆ ಎಲ್ವಿಸ್ ಕಂಟ್ರಿ ಹೇಗೆ ಹಾಡಿದ ಅನ್ನುವುದಕ್ಕೆ ಇದನ್ನು ಸಾಕ್ಷಿ ಮಾಡಿಕೊಳ್ಳಬೇಡಿ. 2015ರಲ್ಲಿ ಇದೇ ರೀತಿ ಲಂಡನ್‌ನ ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವನ್ನು ಅವನ ಧ್ವನಿಯ ಹಿಂದೆ ಸೇರಿಸಿದ ಆಲ್ಬಂ ಕೂಡ ಬಂದಿದೆ.

ಇನ್ನು ಕೊಳ್ಳುವ ವಿಷಯ. ಒಂದೇ ಕೊಳ್ಳುವುದಾದರೆ 1969ರ ‘ಫ್ರಮ್ ಎಲ್ವಿಸ್ ಇನ್ ಮೆಂಫಿಸ್’. ‘ಐಯಾಮ್ ಮೂವಿನ್ ಆನ್’, ‘ಐಲ್ ಹೋಲ್ಡ್ ಯು’ ಎರಡೂ ಅದರಲ್ಲಿವೆ, ಜೊತೆಗೆ ಜೆರಿ ಬಟ್ಲರ್‌ನ ಸೋಲ್ ಹಾಡು ‘ಓನ್ಲಿ ದ ಸ್ಟ್ರಾಂಗ್ ಸರ್ವೈವ್’ ಕೂಡ. ಮೂಲವೇ ಸ್ಟೀರಿಯೊ ಆದ್ದರಿಂದ ಹೊಸ ಮುದ್ರಣದಲ್ಲೂ ಮೋಸ ಕಡಿಮೆ. ಎರಡನೆಯದಕ್ಕೆ ದುಡ್ಡಿದ್ದರೆ ಸನ್ ಹಾಡುಗಳ ಸಂಕಲನ. 1976ರ ‘ದ ಸನ್ ಸೆಷನ್ಸ್’ ಹಳೆಯ ಪ್ರತಿ ಸಿಕ್ಕರೂ ಸರಿ, ಆಮೇಲೆ ಬಂದ ಬೇರೆ ಸಂಕಲನವಾದರೂ ಸರಿ. ಸನ್ ಹಾಡುಗಳ ಆ ವಿಶಿಷ್ಟ ಪ್ರತಿಧ್ವನಿ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಯಂತ್ರ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಬರುವ ಸಣ್ಣ ತಡವನ್ನು ಬಳಸಿ ಮಾಡಿದ್ದು. ಅದರ ಮೇಲೆ ಇನ್ನಷ್ಟು ಎಕೋ ಬಳಿದ ಅಥವಾ ಟೇಪಿನ ‘ಹಿಸ್’ ತೆಗೆಯುತ್ತೇವೆ ಅಂತ ಉಜ್ಜಿ ಉಜ್ಜಿ ಸ್ವಚ್ಛ ಮಾಡಿದ ಮುದ್ರಣಗಳೂ ಮಾರುಕಟ್ಟೆಯಲ್ಲಿವೆ. ಪರೀಕ್ಷೆ ಸುಲಭ: ‘ದಟ್ಸ್ ಆಲ್ ರೈಟ್’ನಲ್ಲಿ ಬೇಸ್‌ನ ‘ಟಕ್’ ಸದ್ದು ಗರಿಗರಿಯಾಗಿ ಕೇಳಬೇಕು. ಅದು ಮಬ್ಬಾಗಿದ್ದರೆ ಅತಿಯಾಗಿ ಉಜ್ಜಿದ್ದಾರೆ ಅಂತ ಲೆಕ್ಕ.

ಹಳೆಯ ಎಲ್‌ಪಿ ಹುಡುಕಿಕೊಂಡು ಹೋದರೆ ಒಂದು ಅಪಾಯ ಇದೆ. ಐವತ್ತರ ದಶಕದ ಮೊನೊ (ಒಂದೇ ಚಾನೆಲ್‌ನ) ಹಾಡುಗಳನ್ನು ಅರವತ್ತರ ದಶಕದಲ್ಲಿ, ಸನ್ ನಂತರ ಎಲ್ವಿಸ್‌ನ ರೆಕಾರ್ಡ್ ತಂದ ಆರ್‌ಸಿಎ ಕಂಪನಿ ಕೃತಕವಾಗಿ ಸ್ಟೀರಿಯೊ ಮಾಡಿ ಮತ್ತೆ ಮಾರಿತು. ಒಂದು ಕಡೆ ತೀಕ್ಷ್ಣ ಸದ್ದು, ಇನ್ನೊಂದು ಕಡೆ ಗುಂಯ್‌ಗುಡುವ ಸದ್ದು, ನಡುವೆ ಗಾಯಕ ನೀರಿನೊಳಗಿಂದ ಹಾಡಿದ ಹಾಗೆ. ಕವರ್ ಮೇಲೆ ಸ್ಟೀರಿಯೊಗಾಗಿ ‘ಎಲೆಕ್ಟ್ರಾನಿಕಲಿ ರೀಪ್ರೊಸೆಸ್ಡ್’ ಅಂತ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಅಂಗಡಿಯವರು ಎಷ್ಟೇ ಹೊಗಳಲಿ, ಬಿಟ್ಟು ಬನ್ನಿ. ಸನ್ ಕಂಪನಿಯ ಮೂಲ ಸಿಂಗಲ್‌ಗಳ ಆಸೆಯನ್ನಂತೂ ಇಟ್ಟುಕೊಳ್ಳಬೇಡಿ. ಅವುಗಳ ನಕಲಿ ಪ್ರತಿಗಳು ದಶಕಗಳಿಂದ ಓಡಾಡುತ್ತಿವೆ, ಫೋಟೊ ನೋಡಿ ಗುರುತಿಸುವುದು ಪಳಗಿದವರಿಗೂ ಕಷ್ಟ. ಸದ್ಯಕ್ಕೆ ಸ್ಟ್ರೀಮಿಂಗ್‌ನಲ್ಲೇ ಕ್ರುಡಪ್, ಪಾರ್ಕರ್, ಎಡ್ಡಿ ಆರ್ನಾಲ್ಡ್, ಫುಲ್ಸನ್‌ರ ಮೂಲ ಹಾಡುಗಳನ್ನು ಹುಡುಕಿ, ಒಂದೊಂದರ ಪಕ್ಕ ಎಲ್ವಿಸ್‌ನದ್ದು ಇಟ್ಟು ಪಟ್ಟಿ ಮಾಡಿಕೊಳ್ಳಿ. ಎಲ್‌ಪಿ ಯಾವುದು ಬೇಕು ಅಂತ ಅದಾದ ಮೇಲೆ ನೋಡಿದರಾಯಿತು.